ಮೊದಲ ಚಿತ್ರಕಥೆ ಬರೆದು ಮುಗಿಸಿದೆ, ತಿದ್ದುವುದು ಎಲ್ಲಿಂದ? ಅನುಭವ ಇದ್ದವರು ಹೇಳಿ

ಸೋಮವಾರಪೇಟೆ ಕಡೆಯಿಂದ, ಕೇಳುತ್ತಿರುವವನು:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿದ್ದ ಕಥೆಯನ್ನು ಈ ಮಳೆಗಾಲದಲ್ಲಿ ಕೂತು ಚಿತ್ರಕಥೆ ಮಾಡಿದೆ. ಕರೆಂಟ್ ಇರಲಿಲ್ಲ, ನೆಟ್‌ವರ್ಕ್ ಇರಲಿಲ್ಲ, ಬರೆಯುವುದು ಬಿಟ್ಟರೆ ಬೇರೆ ಕೆಲಸವೂ ಇರಲಿಲ್ಲ. 148 ಪುಟ, 112 ಸೀನ್ ಆಗಿದೆ. 2018ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಒಂದು ಮನೆಯವರ ಅರ್ಧ ತೋಟ ಹೋಗುತ್ತದೆ. ಉಳಿದ ಅರ್ಧಕ್ಕೆ ಅಣ್ಣತಮ್ಮಂದಿರ ಜಗಳ. ಗುಡ್ಡ ಕುಸಿಯುವುದು 71ನೇ ಪುಟದಲ್ಲಿ, ಅಲ್ಲೇ ಇಂಟರ್ವಲ್.

ಓದಿದ ಮೂವರು ಗೆಳೆಯರೂ ಚೆನ್ನಾಗಿದೆ ಅಂದರು. ಆದರೆ ಒಬ್ಬನೂ ಒಂದೇ ಸಲಕ್ಕೆ ಓದಿ ಮುಗಿಸಲಿಲ್ಲ. ಒಂದು ತಿಂಗಳಿಂದ ಮೊದಲ ಹತ್ತು ಸೀನಿನ ಡೈಲಾಗನ್ನೇ ತಿದ್ದುತ್ತಾ ಕೂತಿದ್ದೇನೆ. ಹನ್ನೊಂದನೆಯದಕ್ಕೆ ಕೈಯೇ ಹೋಗುತ್ತಿಲ್ಲ. ನೀವೆಲ್ಲ ಎರಡನೇ ಡ್ರಾಫ್ಟ್ ಎಲ್ಲಿಂದ ಶುರು ಮಾಡಿದಿರಿ?

ನಾಪೋಕ್ಲು ಕಡೆಯಿಂದ, ತೋಟ ನೋಡಿಕೊಂಡು ಎರಡು ಚಿತ್ರಕಥೆ ಬರೆದವನು (ಎರಡೂ ಇನ್ನೂ ಬೀರುವಿನಲ್ಲೇ ಇವೆ):

ಮೊದಲು ಆ ಡೈಲಾಗ್ ತಿದ್ದುವುದನ್ನು ನಿಲ್ಲಿಸಿ. ನಾನೂ ಅದನ್ನೇ ಮಾಡಿದ್ದೆ. ಆಮೇಲೆ ನೋಡಿದರೆ ಆ ಹತ್ತರಲ್ಲಿ ಏಳು ಸೀನ್ ಬೇಕಾಗಿಯೇ ಇರಲಿಲ್ಲ. ಅಷ್ಟು ಉಜ್ಜಿ ಹೊಳಪು ತಂದ ಮಾತನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ಆ ಒಂದು ಕಾರಣಕ್ಕೆ ಬೇಡದ ಸೀನ್‌ಗಳು ಉಳಿದುಬಿಡುತ್ತವೆ.

ನನ್ನ ಮೊದಲ ಡ್ರಾಫ್ಟ್ ಮುಗಿದದ್ದು ನವೆಂಬರ್‌ನಲ್ಲಿ. ಅರೇಬಿಕಾ ಕುಯ್ಲು ಶುರುವಾಯಿತು, ಅದರ ಹಿಂದೆಯೇ ರೋಬಸ್ಟಾ. ಫೈಲ್ ತೆರೆಯಲೂ ಪುರುಸೊತ್ತಿಲ್ಲ. ಮಾರ್ಚ್‌ನಲ್ಲಿ ಹೂಮಳೆ ಬಿದ್ದ ಮೇಲೆ ತೆಗೆದು ಓದಿದರೆ ಬೇರೆ ಯಾರೋ ಬರೆದ ಹಾಗಿತ್ತು. ಎಲ್ಲಿ ಬೋರ್ ಆಗುತ್ತದೆ ಅಂತ ಆಗಲೇ ಗೊತ್ತಾದದ್ದು.

ಆಮೇಲೆ ಒನ್‌ಲೈನ್ ಆರ್ಡರ್ ಮಾಡಿದೆ. ಬರೆಯುವ ಮೊದಲು ಮಾಡಿಕೊಂಡಿದ್ದ ಹಳೆಯದನ್ನಲ್ಲ. ಪುಟದ ಮೇಲೆ ಈಗ ಏನಿದೆಯೋ ಅದನ್ನು ನೋಡಿ ಹೊಸದಾಗಿ, ಸೀನಿಗೆ ಒಂದೇ ಸಾಲು. ಈ ಸೀನಿನಲ್ಲಿ ಯಾರಿಗೆ ಏನು ಬೇಕು, ಮುಗಿಯುವಷ್ಟರಲ್ಲಿ ಏನು ಬದಲಾಯಿತು, ಇಷ್ಟೇ. ಏನೂ ಬದಲಾಗದಿದ್ದರೆ ಪಕ್ಕದಲ್ಲಿ ಒಂದು ಸೊನ್ನೆ. 94 ಸೀನಿನಲ್ಲಿ 31 ಸೊನ್ನೆ ಬಂತು! ಕಣದಲ್ಲಿ ಕಾಫಿ ಹರಡುವುದು, ಬೆಳಗಿನ ಮಂಜು, ಅಡುಗೆಮನೆಯಲ್ಲಿ ಕಡಂಬುಟ್ಟು ಬೇಯುವುದು. ನಮ್ಮೂರು ಚೆಂದ ಅಂತ ನಮಗೆ ಮೋಹ, ಏನು ಮಾಡುವುದು. ಅವೆಲ್ಲ ಬೇಡ ಅಂತಲ್ಲ. ಜಗಳ ಆಗುವ ಸೀನನ್ನೇ ಕಣಕ್ಕೆ ತಂದರೆ ಕಾಫಿಯೂ ಕಾಣುತ್ತದೆ, ಕಥೆಯೂ ನಡೆಯುತ್ತದೆ.

ಇನ್ನೊಂದು ಸಂಗತಿಯೂ ಆ ಪಟ್ಟಿಯಲ್ಲೇ ಕಂಡಿತು. ನಾನು ಹೀರೋ ಅಂದುಕೊಂಡಿದ್ದ ಹುಡುಗ ಇಂಟರ್ವಲ್ ವರೆಗೆ ಒಂದೇ ಒಂದು ನಿರ್ಧಾರ ತೆಗೆದುಕೊಂಡಿರಲಿಲ್ಲ. ಎಲ್ಲ ಅವನ ಮೇಲೆ ಬಂದು ಬೀಳುತ್ತಿತ್ತು, ಅವನು ಸುಮ್ನೆ ನೋಡುತ್ತಿದ್ದ. ಮನೆ ಮಾರಬೇಕೋ ಬೇಡವೋ, ಯಾರನ್ನು ಕರೆಸಬೇಕು, ಎಲ್ಲವನ್ನೂ ತೀರ್ಮಾನಿಸುತ್ತಿದ್ದದ್ದು ಅವನ ಅಮ್ಮ. ಎರಡನೇ ಡ್ರಾಫ್ಟನ್ನು ಅಮ್ಮನ ಕಡೆಯಿಂದ ಬರೆದೆ. ಅರ್ಧ ತೊಂದರೆ ಅಲ್ಲೇ ಹೋಯಿತು.

ನಿಮ್ಮದೂ ಪಾಲಿನ ಜಗಳ ಅಂತ ಹೇಳಿದ್ದಕ್ಕೆ ನನ್ನದೊಂದು ಸೀನ್ ಹೇಳುತ್ತೇನೆ. ತಮ್ಮ ಬೆಂಗಳೂರಿನಿಂದ ಬಂದು ಪಾಲು ಕೇಳುತ್ತಾನೆ. ಮೊದಲ ಡ್ರಾಫ್ಟಿನಲ್ಲಿ ನಾಲ್ಕು ಪುಟ ಮಾತು. ‘ಹತ್ತು ವರ್ಷದಿಂದ ಲೆಕ್ಕ ಕೊಟ್ಟಿಲ್ಲ’, ‘ಅಪ್ಪ ಸತ್ತಾಗ ನೀನೆಲ್ಲಿದ್ದೆ’, ಪೂರ್ತಿ ಮನೆ ಇತಿಹಾಸ. ಈಗ ಅದು ಮುಕ್ಕಾಲು ಪುಟ. ಸ್ಟೋರಿನಲ್ಲಿ ಅಣ್ಣ ಕರಿಮೆಣಸಿನ ಮೂಟೆ ತೂಗುತ್ತಿದ್ದಾನೆ. ‘ನಲವತ್ತೆಂಟು’ ಅನ್ನುತ್ತಾನೆ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ತಮ್ಮ ಬಗ್ಗಿ ತಕ್ಕಡಿಯ ಮುಳ್ಳು ನೋಡುತ್ತಾನೆ. ಐವತ್ತೊಂದು. ಏನೂ ಹೇಳುವುದಿಲ್ಲ. ‘ಮೆಣಸು ಚೆನ್ನಾಗಿ ಒಣಗಿದೆ ಅಲ್ವಾ ಅಣ್ಣಯ್ಯ’ ಅಂತ ಹೊರಗೆ ಹೋಗುತ್ತಾನೆ. ಇದು ಹೊಳೆಯಲು ನನಗೆ ಆರು ಸಲ ಬರೆಯಬೇಕಾಯಿತು. ಒಂದೇ ಏಟಿಗೆ ಬಂತು ಅಂತ ತಿಳಿಯಬೇಡಿ.

ಪುಟದ ಲೆಕ್ಕದ ಬಗ್ಗೆ ಒಂದು ಮಾತು. ಒಂದು ಪುಟ ಅಂದರೆ ಒಂದು ನಿಮಿಷ ಅನ್ನುವುದು ಇಂಗ್ಲಿಷ್ ಸ್ಕ್ರಿಪ್ಟಿನ ಅಂದಾಜು. 12 ಪಾಯಿಂಟ್ ಕೊರಿಯರ್ ಅಕ್ಷರ, ಅದರದೇ ಅಂಚು, ಅದರದೇ ಸಾಲು. ನುಡಿ ತಂತ್ರಾಂಶದಲ್ಲೋ ಯೂನಿಕೋಡ್‌ನಲ್ಲೋ ಕನ್ನಡ ಟೈಪ್ ಮಾಡಿ, ಎಡಕ್ಕೆ ದೃಶ್ಯ ಬಲಕ್ಕೆ ಮಾತು ಅಂತ ಎರಡು ಕಾಲಂ ಮಾಡಿದರೆ ಆ ಲೆಕ್ಕ ಹಿಡಿಯುವುದಿಲ್ಲ. ಹಾಗಾಗಿ ಬರೀ 148 ನೋಡಿ ಸಿನಿಮಾ ಎಷ್ಟು ಉದ್ದ ಅಂತ ತೀರ್ಮಾನಿಸಬೇಡಿ. ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ, ಮಾತನ್ನು ಗಟ್ಟಿಯಾಗಿ ಓದಿ, ಮಾತಿಲ್ಲದ ಕಡೆ ಕಣ್ಣುಮುಚ್ಚಿ ನಡೆಯುವುದನ್ನು ನೋಡಿಕೊಳ್ಳಿ. ನನ್ನ 120 ಪುಟ ಎರಡೂವರೆ ಗಂಟೆ ದಾಟಿತ್ತು.

ಗೋಣಿಕೊಪ್ಪದಿಂದ, ನಾಟಕ ಮಾಡಿಸುವವಳು:

ನಾಪೋಕ್ಲಿನ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ನಾಲ್ಕು ತಿಂಗಳು ಬಿಟ್ಟಿದ್ದರೆ ನಾನಂತೂ ಮತ್ತೆ ತೆರೆಯುತ್ತಲೇ ಇರಲಿಲ್ಲ. ನನಗೆ ಹದಿನೈದು ದಿನ ಸಾಕಾಯಿತು.

ಗೆಳೆಯರಿಗೆ ಓದಲು ಕೊಡಬೇಡಿ, ಅವರ ಕೈಯಲ್ಲೇ ಗಟ್ಟಿಯಾಗಿ ಓದಿಸಿ. ಐದಾರು ಜನರನ್ನು ಮನೆಗೆ ಕರೆದು ಪಾತ್ರ ಹಂಚಿ. ನೀವು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿರಿ. ಯಾರು ಯಾವಾಗ ಫೋನ್ ತೆಗೆಯುತ್ತಾರೆ ಅಂತ ಪುಟದ ನಂಬರ್ ಗುರುತು ಹಾಕಿಕೊಳ್ಳಿ. ‘ಚೆನ್ನಾಗಿದೆ’ ಅನ್ನುವ ಬಾಯಿಗಿಂತ ಆ ಫೋನ್ ಜಾಸ್ತಿ ಸತ್ಯ ಹೇಳುತ್ತದೆ. ಮುಗಿದ ಮೇಲೆ ‘ಹೇಗಿತ್ತು’ ಅಂತ ಕೇಳಬೇಡಿ, ‘ಕಥೆ ಹೇಳಿ ನೋಡೋಣ’ ಅನ್ನಿ. ಹೇಳುವಾಗ ಅವರು ಏನನ್ನು ಬಿಟ್ಟರು ಅಂತ ಕೇಳಿಸಿಕೊಳ್ಳಿ.

ಭಾಷೆಯನ್ನು ಈ ಡ್ರಾಫ್ಟಿನಲ್ಲೇ ತೀರ್ಮಾನ ಮಾಡಿಕೊಳ್ಳಿ. ನಮ್ಮ ಕಡೆ ಒಂದೇ ಮನೆಯ ಅಂಗಳದಲ್ಲಿ ಕೊಡವ ತಕ್ಕ್, ಕನ್ನಡ, ಮಲಯಾಳ, ಯರವ ಮಾತು ಎಲ್ಲ ಓಡಾಡುತ್ತದೆ. ನಿಮ್ಮ ಕಡೆ ಅರೆಭಾಷೆಯ ಮನೆಗಳೂ ಇವೆ. ಎಲ್ಲರ ಬಾಯಲ್ಲೂ ಪಠ್ಯಪುಸ್ತಕದ ಕನ್ನಡ ಇಟ್ಟರೆ ಯಾರು ಯಾರಿಗೆ ಏನಾಗಬೇಕು ಅನ್ನುವುದೇ ಅಳಿಸಿ ಹೋಗುತ್ತದೆ. ಪೂರ್ತಿ ಹಾಗೇ ಬಿಟ್ಟರೂ ಕಷ್ಟ. ನನ್ನ ಸ್ಕ್ರಿಪ್ಟಿನಲ್ಲಿ ಹುಡುಗ ಅಜ್ಜಿಯನ್ನು ನಮ್ಮ ಮನೆ ರೂಢಿಯಂತೆ ‘ತಾಯಿ’ ಅಂತ, ಅಮ್ಮನನ್ನು ‘ಅವ್ವ’ ಅಂತ ಕರೆಯುತ್ತಿದ್ದ. ಮೈಸೂರಿನ ಗೆಳತಿಯೊಬ್ಬಳು ಇಪ್ಪತ್ತು ಪುಟ ಓದಿ ‘ಇವನಿಗೆ ಇಬ್ಬರು ಅಮ್ಮನಾ’ ಅಂತ ಕೇಳಿದಳು! ಶಬ್ದ ಬದಲಿಸಲಿಲ್ಲ. ಎರಡನೇ ಸೀನಿನಲ್ಲೇ ಆ ಅಜ್ಜಿ ಮೊಮ್ಮಗನ ಕೈಯಲ್ಲಿ ಹಲ್ಲಿನ ಸೆಟ್ ಹುಡುಕಿಸುವ ಹಾಗೆ ಮಾಡಿದೆ.

ಸುಂಟಿಕೊಪ್ಪದವನು, ಈಗ ಬೆಂಗಳೂರಿನಲ್ಲಿ ಅಸಿಸ್ಟೆಂಟ್ ಡೈರೆಕ್ಟರ್:

ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ ಸರ್. ‘ಉಳಿದ ಅರ್ಧಕ್ಕೆ ಜಗಳ.’ ಕಥೆ ಅದಾದರೆ ಗುಡ್ಡ ಕುಸಿಯುವುದು ಇಂಟರ್ವಲ್ ಅಲ್ಲ, ಆರಂಭ. ಮೊದಲ 70 ಪುಟ ನೀವು ಆ ಮನೆಯವರನ್ನು ಅರ್ಥ ಮಾಡಿಕೊಳ್ಳಲು ಬರೆದದ್ದು, ನೋಡುವವರಿಗಲ್ಲ. ಕುಸಿದ ಮಾರನೆಯ ಬೆಳಿಗ್ಗೆಯಿಂದ ಶುರು ಮಾಡಿ ನೋಡಿ. ಆ 70ರಲ್ಲಿ ನಿಜವಾಗಿ ಬೇಕಾದದ್ದು ಹತ್ತು ಪುಟ ಇರಬಹುದು, ಅದು ಜಗಳದ ನಡುವೆ ತಾನಾಗಿ ಬರುತ್ತದೆ.

ಖರ್ಚಿನ ದೃಷ್ಟಿಯಿಂದಲೂ ಇದೇ ಒಳ್ಳೆಯದು. ಗುಡ್ಡ ಜಾರುವುದನ್ನು ತೋರಿಸಲು ಗ್ರಾಫಿಕ್ಸ್ ಬೇಕು, ಕಡಿಮೆ ದುಡ್ಡಿನಲ್ಲಿ ಮಾಡಿದರೆ ನಗೆಪಾಟಲು. ಆ ವರ್ಷ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಆದದ್ದನ್ನು ಕಂಡವರು ನಾವು. ಗೇಟ್ ನಿಂತಿದೆ, ಒಳಗೆ ತೋಟ ಇಲ್ಲ. ಅದಕ್ಕಿಂತ ಬೇರೆ ಏನು ಬೇಕು?

ಆನೆ ಸೀನ್ ಇಟ್ಟಿರುತ್ತೀರಿ, ಕೊಡಗಿನವರೆಲ್ಲ ಇಡುತ್ತೇವೆ. ಪ್ರಾಣಿ ಬಳಸುವುದಾದರೆ ಶೂಟಿಂಗ್‌ಗೆ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಕಾಡಿನೊಳಗೆ ಹೋದರೆ ಅರಣ್ಯ ಇಲಾಖೆಯದೂ ಬೇಕು. ಕತ್ತಲೆಯಲ್ಲಿ ಹಲಸಿನ ಕೊಂಬೆ ಮುರಿಯುವ ಸದ್ದು, ಕೆಲಸಗಾರರ ಲೈನ್‌ಮನೆಯಿಂದ ಯಾರೋ ಡಬ್ಬ ಬಡಿಯುವುದು, ಬೆಳಿಗ್ಗೆ ಲದ್ದಿ. ಸಾಕು. ಆದರೆ ಬಜೆಟ್ ಯೋಚನೆ ಮೂರನೇ ಡ್ರಾಫ್ಟಿಗೆ ಇರಲಿ. ಈಗಲೇ ಶುರು ಮಾಡಿದರೆ ಕೈ ಕಟ್ಟಿಹೋಗುತ್ತದೆ.

ನಿರ್ಮಾಪಕರಿಗೆ ಕಳಿಸುವ ಮೊದಲು ಬರೆದದ್ದನ್ನು ನೋಂದಣಿ ಮಾಡಿಸಿ. 1957ರ ಕಾಪಿರೈಟ್ ಕಾಯ್ದೆ ಬರೆದ ರೂಪವನ್ನು ಕಾಯುತ್ತದೆ, ಬರೀ ಐಡಿಯಾವನ್ನಲ್ಲ. ಕಾಫಿ ಕುಡಿಯುತ್ತಾ ಬಾಯಲ್ಲಿ ಹೇಳಿದ ಕಥೆ ಹೋದರೆ ಹೋಯಿತು.

ವಿರಾಜಪೇಟೆಯಿಂದ:

ನನ್ನದು ಚಿಕ್ಕ ಮಾತು. ಮನೆ ಹೆಸರುಗಳನ್ನು ಈಗಲೇ ಬದಲಿಸಿ. ಕೇಳಲು ಚೆನ್ನಾಗಿದೆ ಅಂತ ಒಂದು ಮನೆ ಹೆಸರು ಹಾಕಿದ್ದೆ, ನನ್ನ ಲೆಕ್ಕದಲ್ಲಿ ಕಲ್ಪನೆಯದು. ಆ ಹೆಸರಿನ ಮನೆ ನಿಜವಾಗಿಯೂ ಇತ್ತು. ಅವರಲ್ಲೂ ಇಬ್ಬರು ಅಣ್ಣತಮ್ಮಂದಿರು. ಮದುವೆ ಊಟದಲ್ಲಿ ಪಂದಿಕರಿ ಬಡಿಸುತ್ತಾ ಒಬ್ಬರು ಕೇಳಿದರು, ‘ನಮ್ಮ ಕಥೆ ಬರೆದಿದ್ದೀರಂತೆ?’

ಸೋಮವಾರಪೇಟೆ ಕಡೆಯಿಂದ, ಕೇಳಿದವನು:

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನದಿಂದ ಒನ್‌ಲೈನ್ ಮಾಡುತ್ತಿದ್ದೇನೆ, 60ನೇ ಸೀನ್ ವರೆಗೆ ಬಂದೆ. ಸೊನ್ನೆ 24 ಆಗಿದೆ. ತಿಂಗಳಿಡೀ ತಿದ್ದಿದ ಹತ್ತರಲ್ಲಿ ಆರಕ್ಕೆ ಸೊನ್ನೆ. ಆನೆ ಸೀನ್ ಇಟ್ಟಿದ್ದೆ, ನಿಜ, ಎರಡು.

ಕುಸಿದ ಮಾರನೆಯ ಬೆಳಿಗ್ಗೆಯಿಂದ ಒಂದು ಹೊಸ ಸೀನ್ ಬರೆದು ನೋಡಿದೆ. ಅಣ್ಣ ಗೇಟಿನ ಬೀಗ ತೆಗೆಯುತ್ತಾನೆ, ಒಳಗೆ ಹೋಗುವುದಿಲ್ಲ, ಮತ್ತೆ ಬೀಗ ಹಾಕುತ್ತಾನೆ. ಇನ್ನೂ ಮುಂದೆ ಹೋಗಿಲ್ಲ. 17ನೇ ಸೀನಿನಲ್ಲಿ ಅಜ್ಜಿ ಕೊಡೆ ರಿಪೇರಿ ಮಾಡುತ್ತಾಳೆ, ಅದಕ್ಕೆ ಸೊನ್ನೆ ಹಾಕಿ ಅಳಿಸಿದೆ. ನಾಳೆ ಹಾಕುತ್ತೇನೆ.