ಪಬ್ಬಿನ ‘ಲ್ಯಾಂಡ್‌ಲಾರ್ಡ್’ಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಲಂಡನ್ನಿನ ಉತ್ತರಕ್ಕೆ, ರೈಲಿನಲ್ಲಿ ಸುಮಾರು 20 ನಿಮಿಷದ ದಾರಿಯಲ್ಲಿ, ಸೇಂಟ್ ಆಲ್ಬನ್ಸ್ ಅಂತ ಒಂದು ಪುಟ್ಟ ನಗರ ಇದೆ. ಅಲ್ಲಿನ ಮತ್ತು ಸುತ್ತಲ ಹಳ್ಳಿಗಳ ಹಳೇ ಪಬ್ಬುಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಬರವಣಿಗೆ ನಿಂತುಬಿಟ್ಟಿದೆ. ಅದು ‘ಲ್ಯಾಂಡ್‌ಲಾರ್ಡ್’.

‘ಪಬ್’ ಪದವನ್ನು ಹಾಗೇ ಇಟ್ಟುಕೊಂಡಿದ್ದೇನೆ. ಬೆಂಗಳೂರಿನ ಓದುಗರಿಗೆ ಪಬ್ ಅಂದ ಕೂಡಲೇ ಮಬ್ಬು ಬೆಳಕು, ಜೋರು ಹಾಡು ಕಣ್ಮುಂದೆ ಬರುತ್ತದೆ, ನಿಜ. ಆದರೆ ಪಡಖಾನೆ, ಹೆಂಡದಂಗಡಿ, ಗಡಂಗು ಅಂತ ಬರೆದರೆ ಇನ್ನೂ ದೂರ ಹೋಗುತ್ತೇವೆ. ಪಡಖಾನೆಗೆ ಮಕ್ಕಳು ಮರಿ ಕರೆದುಕೊಂಡು ಭಾನುವಾರದ ಊಟಕ್ಕೆ ಯಾರೂ ಹೋಗುತ್ತಿರಲಿಲ್ಲ. ಅದಕ್ಕೆ ಪಬ್ಬೇ ಇರಲಿ.

ಈಗ ಲ್ಯಾಂಡ್‌ಲಾರ್ಡ್. ಪಬ್ ನಡೆಸುವವರು, ಎಷ್ಟೋ ಕಡೆ ಅದರ ಮಹಡಿಯ ಮೇಲೇ ಸಂಸಾರ ಹೂಡಿರುವವರು. ಸುಮ್ನೆ ‘ಮಾಲೀಕ’ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಬಹಳಷ್ಟು ಪಬ್ಬುಗಳಲ್ಲಿ ಇವರು ಮಾಲೀಕರೇ ಅಲ್ಲ. ಕಟ್ಟಡ ಬಿಯರ್ ತಯಾರಿಸುವ ಬ್ರೂವರಿಯದ್ದು, ಇಲ್ಲವೇ ಯಾವುದೋ ಪಬ್ ಕಂಪನಿಯದ್ದು. ಇವರು ಬಾಡಿಗೆ ಕಟ್ಟುತ್ತಾರೆ. ಜೊತೆಗೆ ಬಿಯರನ್ನೂ ಅವರು ಹೇಳಿದ ಕಡೆಯಿಂದಲೇ ಕೊಳ್ಳಬೇಕು. ಪಕ್ಕದ ಹರ್ಟ್‌ಫರ್ಡಿನಲ್ಲಿ 1827ರಿಂದ ಇರುವ ಮೆಕ್‌ಮಲನ್ ಬ್ರೂವರಿಗೆ ಈ ಸೀಮೆಯಲ್ಲಿ ತನ್ನದೇ ಪಬ್ಬುಗಳಿವೆ. ಪಾಟರ್ಸ್ ಕ್ರೌಚ್ ಅನ್ನೋ ಹಳ್ಳಿಯ ‘ಹಾಲಿ ಬುಷ್’ ಪಬ್ಬು ಫುಲ್ಲರ್ಸ್ ಕಂಪನಿಯದ್ದು. ಫುಲ್ಲರ್ಸ್ 2019ರಲ್ಲಿ ಬ್ರೂವರಿಯನ್ನು ಜಪಾನಿನ ಅಸಾಹಿಗೆ ಮಾರಿತು, ಪಬ್ಬುಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಇಂಥ ಕಟ್ಟುಪಾಡು ಇಲ್ಲದ ಪಬ್ಬಿನ ಬೋರ್ಡಿನ ಮೇಲೆ ‘ಫ್ರೀ ಹೌಸ್’ ಅಂತ ಇರುತ್ತದೆ. ಪುಕ್ಕಟೆ ಅಂತಲ್ಲ, ಯಾವ ಬ್ರೂವರಿಯ ಹಂಗೂ ಇಲ್ಲ ಅಂತ.

ಹಾಗಂತ ‘ಗೇಣಿದಾರ’, ‘ಗುತ್ತಿಗೆದಾರ’ ಅಂದರೆ ಕಾಗದಪತ್ರದ ಲೆಕ್ಕಕ್ಕೆ ಸರಿ, ಮನುಷ್ಯ ಮಾತ್ರ ಕಾಣುವುದಿಲ್ಲ. ಇಲ್ಲಿನ ಪೀಪಾಯಿ ಬಿಯರ್ ನೋಡಿ. ಬ್ರೂವರಿ ಬಿಟ್ಟ ಮೇಲೂ ಅದು ಪೀಪಾಯಿಯೊಳಗೆ ಹುದುಗುತ್ತಲೇ ಇರುತ್ತದೆ. ನೆಲಮಾಳಿಗೆಯನ್ನು 12 ಡಿಗ್ರಿ ಆಸುಪಾಸು ತಣ್ಣಗೆ ಇಡಬೇಕು. ಪೀಪಾಯಿಯ ಮೇಲಿನ ತೂತಿಗೆ ಚಿಕ್ಕ ಮರದ ಬೆಣೆ ಹೊಡೆದು ಗ್ಯಾಸ್ ಬಿಡಬೇಕು. ಗಸಿ ತಳಕ್ಕಿಳಿದು ತಿಳಿಯಾಗುವವರೆಗೆ ಕಾಯಬೇಕು. ಒಮ್ಮೆ ಬಗ್ಗಿಸಲು ಶುರುಮಾಡಿದರೆ ಮೂರು ದಿನದಲ್ಲಿ ಖಾಲಿಯಾಗಬೇಕು, ಇಲ್ಲದಿದ್ದರೆ ಹುಳಿಯಾಗುತ್ತದೆ. ಬ್ರೂವರಿ ಎಷ್ಟೇ ಚೆನ್ನಾಗಿ ಮಾಡಿ ಕಳಿಸಲಿ, ಕೊನೆಯ ಕೈಗುಣ ಲ್ಯಾಂಡ್‌ಲಾರ್ಡಿನದೇ. ಈ ಬಗೆಯ ಬಿಯರ್ ಉಳಿಸಬೇಕು ಅಂತ 1971ರಲ್ಲಿ ಹುಟ್ಟಿದ ಕ್ಯಾಮ್ರಾ ಸಂಘದ ಮುಖ್ಯ ಕಚೇರಿಯೂ ಸೇಂಟ್ ಆಲ್ಬನ್ಸಿನಲ್ಲೇ ಇದೆ. ಅದರ ಮೊದಲ ಶಾಖೆಯ ಸಭೆ ನಡೆದದ್ದು ಇಲ್ಲಿಯ ಫ್ಯಾರಿಯರ್ಸ್ ಆರ್ಮ್ಸ್ ಪಬ್ಬಿನಲ್ಲಿ. ಅಲ್ಲಿ ಗೋಡೆಗೆ ಫಲಕ ಹಾಕಿದ್ದಾರೆ.

ಇಷ್ಟೆಲ್ಲ ಮಾಡುವವರನ್ನು ‘ಪರವಾನಗಿದಾರ’ ಅಂತ ಕರೆಯಲು ನನಗೆ ಮನಸ್ಸಿಲ್ಲ. ‘ಯಜಮಾನ’ ಪದದಲ್ಲಿ ಗೌರವ ಇದೆ, ಆದರೆ ಒಡೆತನವೂ ಸೇರಿಕೊಂಡುಬಿಡುತ್ತದೆ. ಪಬ್ ನಡೆಸುವ ಹೆಂಗಸನ್ನು ‘ಯಜಮಾನಿ’ ಅಂದರೆ ಯಜಮಾನನ ಹೆಂಡತಿ ಅಂದುಕೊಳ್ಳುವವರೇ ಜಾಸ್ತಿ.

ನನಗೆ ತೋಚಿದ್ದು ‘ಪಬ್ಬಿನವರು’. ಅಂಗಡಿಯವರು, ಹೋಟೆಲಿನವರು ಅನ್ನುತ್ತೇವಲ್ಲ, ಹಾಗೆ. ‘ಅಂಗಡಿಯವರು ಸಾಲ ಕೊಟ್ಟರು’ ಅಂದಾಗ ಅಂಗಡಿ ಸ್ವಂತದ್ದೋ ಬಾಡಿಗೆಯದೋ ಅಂತ ಯಾರೂ ಕೇಳುವುದಿಲ್ಲ. ಗಂಡಸೋ ಹೆಂಗಸೋ ಅನ್ನೋ ತೊಡಕೂ ಇಲ್ಲ. ‘ಪಬ್ಬಿನವರು ಪೀಪಾಯಿ ಬದಲಿಸಲು ಕೆಳಗಿಳಿದಿದ್ದರು’ ಅಂತ ಬರೆದು ನೋಡಿದೆ, ಸಲೀಸಾಗಿ ಓದಿಸಿಕೊಳ್ಳುತ್ತದೆ. ತೊಂದರೆ ಇರುವುದು ಒಂದೇ ಕಡೆ. ‘ಪಬ್ಬಿನವರು ಬಾಡಿಗೆ ಏರಿಸಿದರು’ ಅಂದರೆ ಕಂಪನಿಯವರೋ, ನಡೆಸುವವರೋ? ಕೆಲಸದ ಹುಡುಗರೂ ಪಬ್ಬಿನವರೇ ಅಲ್ವಾ?

ಇಲ್ಲಿ ಹಿರಿಯರ ನೆರವು ಬೇಕು. ನಮ್ಮಲ್ಲಿ 2007ರಲ್ಲಿ ಸಾರಾಯಿ ನಿಲ್ಲುವವರೆಗೆ ಹರಾಜಿನಲ್ಲಿ ಗುತ್ತಿಗೆ ಹಿಡಿಯುವ ಕಂಟ್ರಾಕ್ಟರ್ ಒಬ್ಬ, ಅಂಗಡಿಯಲ್ಲಿ ಕೂತು ಅಳೆದು ಕೊಡುವವನು ಇನ್ನೊಬ್ಬ ಇರುತ್ತಿದ್ದರು. ಆ ಎರಡನೆಯವನನ್ನು ನಿಮ್ಮ ಊರಲ್ಲಿ ಏನಂತ ಕರೆಯುತ್ತಿದ್ದರು? ಕರಾವಳಿಯ ಗಡಂಗಿನವರಿಗೆ, ಕಳ್ಳಂಗಡಿಯವರಿಗೆ ಬೇರೆ ಹೆಸರಿತ್ತೇ? ಉತ್ತರ ಕರ್ನಾಟಕದ ಖಾನಾವಳಿ ನಡೆಸುವವರಿಗೆ ಒಡೆತನದ ಮಾತಿಲ್ಲದ, ಆದರದ ಪದ ಏನಾದರೂ ಇದ್ದರೆ ಅದನ್ನೂ ತಿಳಿಸಿ. ಪದ ಬಳಸಿದ ಒಂದು ವಾಕ್ಯವನ್ನು ಜೊತೆಗೆ ಬರೆದರೆ ಇನ್ನೂ ಅನುಕೂಲ.