3600ರ ರ‍್ಯಾಮ್ 2133ರಲ್ಲೇ ಓಡ್ತಿದೆ, ಎಕ್ಸ್‌ಎಂಪಿ ಹಾಕಿದ್ರೆ ಬೂಟೇ ಆಗಲ್ಲ

ಕೀಲಿಮಣೆ_ಕಿಟ್ಟ:
ಹೋದ ವಾರ ಹೊಸ ಪಿಸಿ ಜೋಡಿಸಿದೆ, ರೈಜನ್ 5 5600 ಪ್ರೊಸೆಸರ್, ಬಿ550 ಬೋರ್ಡು, ಡಿಡಿಆರ್4 ರ‍್ಯಾಮ್ 8 ಜಿಬಿದು ಎರಡು ಸ್ಟಿಕ್ಕು, ಡಬ್ಬಿ ಮೇಲೆ ದೊಡ್ಡದಾಗಿ 3600 ಅಂತ ಇದೆ. ನಿನ್ನೆ ಸುಮ್ನೆ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ ಸ್ಪೀಡ್ 2133 ಅಂತಿದೆ. ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್ ಮೆನು) ಹೋಗಿ ಎಕ್ಸ್‌ಎಂಪಿ (ಡಬ್ಬಿ ಮೇಲಿನ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಮಾಡಿ ಸೇವ್ ಮಾಡಿದೆ, ಫ್ಯಾನ್ ತಿರುಗುತ್ತೆ ಸ್ಕ್ರೀನ್ ಮಾತ್ರ ಕಪ್ಪು, ತಾನೇ ಆಫ್ ಆಗಿ ಆನ್ ಆಗುತ್ತೆ, ಹೀಗೆ ಮೂರು ಸಲ ಆಗಿ ವಾಪಸ್ 2133ಗೇ ಬಂದು ಕೂರುತ್ತೆ. ರ‍್ಯಾಮ್ ಡೂಪ್ಲಿಕೇಟಾ ಇಲ್ಲ ನಾನೇ ಏನಾದ್ರೂ ಎಡವಟ್ಟು ಮಾಡಿದೀನಾ?

ಬಯೋಸ್_ಭಟ್ಟ:
ಡೂಪ್ಲಿಕೇಟ್ ಏನಲ್ಲ ಗುರು, ಗಾಬರಿ ಬೇಡ. ಸ್ಟಿಕ್ ಒಳಗೆ ಎಸ್‌ಪಿಡಿ ಅಂತ ಒಂದು ಚಿಕ್ಕ ಚಿಪ್ ಇರುತ್ತೆ, ಬೋರ್ಡು ಅದನ್ನ ಓದಿ ಮೊದಲು ಎಲ್ಲಾ ಕಡೆ ನಡೆಯೋ ಸ್ಪೀಡಲ್ಲೇ ಶುರು ಮಾಡುತ್ತೆ, ಅದೇ ನಿನ್ನ 2133, ಅದಕ್ಕೆ 1.2 ವೋಲ್ಟ್ ಸಾಕು. ಡಬ್ಬಿ ಮೇಲಿನ 3600 ಅದೇ ಚಿಪ್ಪಲ್ಲಿರೋ ಇನ್ನೊಂದು ಪ್ರೊಫೈಲು, ಅದೇ ಎಕ್ಸ್‌ಎಂಪಿ, ಅದಕ್ಕೆ ಸಾಮಾನ್ಯವಾಗಿ 1.35 ವೋಲ್ಟ್ ಬೇಕು, ನಾವೇ ಆನ್ ಮಾಡ್ಬೇಕು. ಆ ಮೂರು ಸಲ ಆಫ್ ಆನ್ ಆಗೋದು ಬೋರ್ಡು ಪ್ರಯತ್ನ ಪಟ್ಟು ಸೋಲ್ತಿರೋದು. ಸ್ಟಿಕ್ಕು ಯಾವ ಸ್ಲಾಟಲ್ಲಿವೆ ಅದನ್ನ ಹೇಳು ಮೊದ್ಲು, ಪ್ರೊಸೆಸರ್ ಕಡೆಯಿಂದ ಎಣಿಸು.

ಕೀಲಿಮಣೆ_ಕಿಟ್ಟ:
1 ಮತ್ತೆ 3. ಮೊದಲನೇದ್ರಿಂದ ಶುರು ಮಾಡೋದು ಸರಿ ಅಂತ ಅನ್ಕೊಂಡೆ.

ಬಯೋಸ್_ಭಟ್ಟ:
ಅಲ್ಲೇ ಇದೆ ನೋಡು ಎಡವಟ್ಟು 😄 2 ಮತ್ತೆ 4ಕ್ಕೆ ಹಾಕು. ಈಗಿನ ಬೋರ್ಡುಗಳಲ್ಲಿ ಹೆಚ್ಚಿನವು ಪ್ರೊಸೆಸರ್‌ನಿಂದ ಬರೋ ಒಂದೊಂದು ಲೈನ್‌ಗೆ ಎರಡೆರಡು ಸ್ಲಾಟ್ ಕೊಟ್ಟು, ಲೈನ್‌ನ ಮೊದಲ ಸ್ಲಾಟ್ ದಾಟಿಸಿ ಎರಡನೇದ್ರಲ್ಲಿ ಮುಗಿಸಿರ್ತಾರೆ, ನೀನು ಮೊದಲನೇದ್ರಲ್ಲಿ ಹಾಕಿದ್ರೆ ಮುಂದಿನ ಲೈನ್ ತುದಿ ಖಾಲಿ ಉಳಿದು ಸಿಗ್ನಲ್ ಅಲ್ಲಿ ಬಡಿದು ವಾಪಸ್ ಬರುತ್ತೆ, 2133ರಲ್ಲಿ ನಡೆದು ಹೋಗುತ್ತೆ 3600ಕ್ಕೆ ತಡ್ಕೊಳ್ಳಲ್ಲ. ವೈರ್ ಕಿತ್ತು ಆಮೇಲೆ ಕೈ ಹಾಕು, ಟಕ್ ಅನ್ನೋ ತನಕ ಒತ್ತು.

ಹಳೇ_ಕಬ್ಬಿಣ:
ಭಟ್ರು ಹೇಳಿದ್ದು ಸರಿ, ಆದ್ರೂ ಎಕ್ಸ್‌ಎಂಪಿ ಹಾಕಿದ ಮೇಲೆ ವಿಂಡೋಸ್ ಓಪನ್ ಆಯ್ತು ಅಂತ ಖುಷಿ ಪಡಬೇಡಿ. ನಂದು ಬೇರೆ ಬೇರೆ ಸಲ ತಗೊಂಡ ಎರಡು ಕಿಟ್, ಒಟ್ಟು ನಾಲ್ಕು ಸ್ಟಿಕ್ಕು, 3600ರಲ್ಲಿ ಬೂಟ್ ಆಯ್ತು ಗೇಮ್ ಆಡಿದೆ ಏನೂ ತೊಂದ್ರೆ ಇರ್ಲಿಲ್ಲ, ಎರಡು ವಾರ ಆದ್ಮೇಲೆ ನೋಡಿದ್ರೆ ಕಾಪಿ ಮಾಡಿದ ಜಿಪ್ ಫೈಲ್‌ಗಳೇ ಓಪನ್ ಆಗ್ತಿಲ್ಲ. ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಹಾಕಿದ್ರೆ ಸಾಲು ಸಾಲು ಕೆಂಪು ಎರರ್. ಮೆಮೊರಿ ಕಂಟ್ರೋಲರ್ ಇರೋದು ಪ್ರೊಸೆಸರ್ ಒಳಗೆ, ನಾಲ್ಕು ಸ್ಟಿಕ್ ಹಾಕಿದ್ರೆ ಅದಕ್ಕೆ ಹೊರೆ, ಈ 5600ಗೆ ಎಎಂಡಿ ಅಧಿಕೃತವಾಗಿ ಹೇಳೋದೇ 3200 ತನಕ. ಅದಕ್ಕೇ 3200ಗೆ ಇಳಿಸಿದೆ, ಆಮೇಲೆ ಒಂದು ಎರರ್ ಇಲ್ಲ.

ಕೀಲಿಮಣೆ_ಕಿಟ್ಟ:
ಬದಲಾಯಿಸಿದೆ!! ಮೊದಲ ಸಲ ಒಂದರ್ಧ ನಿಮಿಷ ಕಪ್ಪಾಗೇ ಇತ್ತು, ಎದೆ ಡವಡವ, ಆಮೇಲೆ ಬಂತು. ಟಾಸ್ಕ್ ಮ್ಯಾನೇಜರ್ 3600 ಅಂತಿದೆ, ಆದ್ರೆ ಸಿಪಿಯು-ಝಡ್ ಅನ್ನೋ ಪ್ರೋಗ್ರಾಮ್ ಯಾಕೆ 1796 ತೋರಿಸ್ತಿದೆ?

ಬಯೋಸ್_ಭಟ್ಟ:
ಡಿಡಿಆರ್ ಅಂದ್ರೇನೇ ಡಬಲ್ ಡೇಟಾ ರೇಟ್, ಒಂದು ಕ್ಲಾಕ್‌ಗೆ ಎರಡು ಸಲ ಡೇಟಾ ಹೋಗುತ್ತೆ, ಸಿಪಿಯು-ಝಡ್ ನಿಜವಾದ ಕ್ಲಾಕ್ ತೋರಿಸುತ್ತೆ. 1800 ಬದ್ಲು 1796 ಬಂದಿದ್ದು ಬೇಸ್ ಕ್ಲಾಕ್ 100 ಇರೋ ಕಡೆ 99.8 ಇದ್ದಿದ್ದಕ್ಕೆ, ತಲೆ ಕೆಡಿಸ್ಕೋಬೇಡ. ಹಾಗೇ ಎಫ್‌ಕ್ಲಾಕ್ (ಪ್ರೊಸೆಸರ್ ಒಳಗಿನ ಭಾಗಗಳನ್ನ ಜೋಡಿಸೋ ದಾರಿಯ ಕ್ಲಾಕ್) 1800 ಇದ್ಯಾ ನೋಡ್ಕೋ, ರ‍್ಯಾಮ್ ಕ್ಲಾಕೂ ಅದೂ ಎರಡೂ ಸಮ ಓಡಿದ್ರೇನೇ ಲಾಭ. 4000 ಆಸೆಗೆ ಹೋದ್ರೆ ಎಷ್ಟೋ ಪ್ರೊಸೆಸರಲ್ಲಿ ಆ ಜೋಡಿ ಮುರಿದು ಇನ್ನೂ ನಿಧಾನ ಆಗುತ್ತೆ.

ಕೀಲಿಮಣೆ_ಕಿಟ್ಟ:
1800 ಇದೆ. ರಾತ್ರಿಯೆಲ್ಲ ಮೆಮ್‌ಟೆಸ್ಟ್ ಓಡಿಸಿದೆ, ನಾಲ್ಕು ಪಾಸ್, ಎರರ್ ಸೊನ್ನೆ. ಗೇಮಲ್ಲಿ ಜರ್ಕ್ ಕಮ್ಮಿ ಆದಂಗಿದೆ, ನನ್ನ ಭ್ರಮೆನೋ ಏನೋ.

ಹಳೇ_ಕಬ್ಬಿಣ:
ಮುಂದೆ ಬಯೋಸ್ ಅಪ್‌ಡೇಟ್ ಮಾಡಿದ್ರೆ ಎಕ್ಸ್‌ಎಂಪಿ ತಾನಾಗೇ ಆಫ್ ಆಗಿರುತ್ತೆ, ಆಗ ಮತ್ತೆ 2133 ಅಂತ ಗಾಬರಿ ಆಗ್ಬೇಡಿ.