ಒಂದೇ ಸಾಲು, ನಾಲ್ಕು ಹೆಸರು: ಇದು ರೂಪಕವೋ, ಉಪಮೆಯೋ, ಪ್ರತಿಮೆಯೋ?

ಗಿರಣಿ ಓಣಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಮ್ಮೂರಲ್ಲಿ ಒಂದು ಸಣ್ಣ ಕವಿಗೋಷ್ಠಿ ಇತ್ತು, ನಾನೂ ಒಂದು ಕವಿತೆ ಓದಿದೆ. ನಮ್ಮಪ್ಪ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ಗಿರಣಿ ಮುಚ್ಚಿದ ಮೇಲೆ ಮನೆಯಲ್ಲಿ ಮಾತೇ ಕಮ್ಮಿ ಮಾಡಿದರು. ಅದಕ್ಕೆ "ಅಪ್ಪ ಹೊಗೆಯಾಡದ ಚಿಮಣಿ" ಅಂತ ಒಂದು ಸಾಲು ಬರೆದಿದ್ದೆ. ವೇದಿಕೆ ಇಳಿದ ಮೇಲೆ ಶುರುವಾಯಿತು ನೋಡಿ. ಅಧ್ಯಕ್ಷತೆ ವಹಿಸಿದ್ದ ಹಿರಿಯರು "ಉಪಮೆ ಚೆನ್ನಾಗಿದೆ ಕಣಮ್ಮ" ಎಂದರು. ಪಕ್ಕದವರು "ಉಪಮೆ ಅಲ್ಲ ಸಾರ್, ಪ್ರತಿಮೆ" ಎಂದರು. ಚಹಾ ಕುಡಿಯುವಾಗ ಇನ್ನೊಬ್ಬರು "ಚಿಮಣಿ ಇಲ್ಲಿ ಸಂಕೇತ" ಎಂದು ಹೇಳಿ ಹೋದರು. ಇಂಗ್ಲಿಷ್ ಎಂಎ ಓದುತ್ತಿರುವ ಗೆಳತಿ "ಸುಮ್ನೆ ಮೆಟಫರ್ ಅನ್ನು, ಮುಗೀತು" ಎಂದಳು. ನನಗೆ ಶಾಲೆಯಲ್ಲಿ ಕಲಿತದ್ದು ನೆನಪಿರುವುದು ಇಷ್ಟೇ: "ಅಂತೆ" ಬಂದರೆ ಉಪಮೆ, ಬರದಿದ್ದರೆ ರೂಪಕ. ನಿಜವಾಗಲೂ ಅಷ್ಟೇನಾ? ನುಡಿಗಟ್ಟು, ಗಾದೆ ಇವೆಲ್ಲ ಎಲ್ಲಿಗೆ ಸೇರುತ್ತವೆ?

ಹೊಳಲ್ಕೆರೆ ಮೇಷ್ಟ್ರು:

ತಂಗಿ, ಸಾಲು ಚೆನ್ನಾಗಿದೆ. ಅದು ರೂಪಕ, ಅನುಮಾನವೇ ಬೇಡ. ಆದರೆ ಆ "ಅಂತೆ" ಸೂತ್ರ ಪರೀಕ್ಷೆಗೆ ಮಾತ್ರ ಸಾಕು. ಒಮ್ಮೆ ನಮ್ಮ ಹುಡುಗನೊಬ್ಬ "ನಾಳೆ ಮಳೆ ಬರುತ್ತಂತೆ" ಅನ್ನುವುದನ್ನೂ ಉಪಮಾಲಂಕಾರ ಎಂದು ಬರೆದಿದ್ದ! ಸೂತ್ರ ಹೇಳಿಕೊಟ್ಟವನು ನಾನೇ, ಅವನನ್ನು ಬೈಯುವುದು ಹೇಗೆ?

ಉಪಮೆಗೆ ನಾಲ್ಕು ಅಂಗ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. "ಅಪ್ಪ ಹೊಗೆಯಾಡದ ಚಿಮಣಿಯಂತೆ ಸುಮ್ಮನೆ ನಿಂತಿದ್ದಾರೆ" ಎಂದಿದ್ದರೆ ನಾಲ್ಕೂ ಇರುತ್ತಿದ್ದವು: ಅಪ್ಪ ಉಪಮೇಯ, ಚಿಮಣಿ ಉಪಮಾನ, "ಅಂತೆ" ಉಪಮಾವಾಚಕ, ಸುಮ್ಮನೆ ನಿಲ್ಲುವುದು ಸಮಾನಧರ್ಮ. ಹಾಗೆಂದಾಗ ಅಪ್ಪ ಬೇರೆ, ಚಿಮಣಿ ಬೇರೆ, ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದ ಹಾಗೆ ಅಷ್ಟೇ. ನಿಮ್ಮ ಸಾಲಿನಲ್ಲಿ ಆ ಅಂತರ ಇಲ್ಲ, ಅಪ್ಪನೇ ಚಿಮಣಿ. ಭೇದ ಮರೆಯಾದ ಉಪಮೆಯೇ ರೂಪಕ ಎಂದು ಸಂಸ್ಕೃತದ ಹಳೆಯ ಅಲಂಕಾರಶಾಸ್ತ್ರಜ್ಞ ದಂಡಿ ಹೇಳಿದ್ದು ಇದನ್ನೇ. ನಡುವೆ ಇನ್ನೊಂದು ಇದೆ. "ಅಪ್ಪ ಕೂತಿದ್ದು ನೋಡಿದರೆ ಚಿಮಣಿಯೇ ಬಂದು ಕೂತಿದೆಯೇನೋ ಅನ್ನಿಸಿತು" ಎಂದರೆ ಅದು ಉತ್ಪ್ರೇಕ್ಷೆ, ಒಂದನ್ನು ಇನ್ನೊಂದು ಎಂದು ಊಹಿಸಿಕೊಳ್ಳುವುದು.

ಹೋಲಿಕೆ ಇದ್ದ ಮಾತ್ರಕ್ಕೆ ಅಲಂಕಾರವೂ ಆಗುವುದಿಲ್ಲ. "ನೀನೂ ನಿಮ್ಮಣ್ಣನಷ್ಟೇ ಎತ್ತರ" ಅನ್ನುವುದು ಬರೀ ಅಳತೆ. ಗಾದೆಯಲ್ಲಿ ಜಾಸ್ತಿ ಸಿಗುವುದು ದೃಷ್ಟಾಂತ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ನೋಡಿ. ಎರಡು ಪೂರ್ತಿ ವಾಕ್ಯ, ಒಂದರ ನೆರಳು ಇನ್ನೊಂದರ ಮೇಲೆ. ಊಟವೇ ಮಾತು ಅಂತ ಯಾರೂ ಹೇಳುತ್ತಿಲ್ಲ.

ಮಂಡಕ್ಕಿ ಮೆಣಸಿನಕಾಯಿ (ದಾವಣಗೆರೆ):

ನುಡಿಗಟ್ಟು ನನಗೆ ಬಿಡಿ. "ಬೆಣ್ಣೆ ಹಚ್ಚಬೇಡ" ಅನ್ನುತ್ತೇವೆ. ಮೊದಲು ಹಾಗೆಂದವನ ಕಣ್ಣಿಗೆ ನಿಜವಾದ ಬೆಣ್ಣೆ ಕಂಡಿರಬೇಕು, ಆಗ ಅದು ರೂಪಕ. ಈಗ ಬೆಣ್ಣೆ ದೋಸೆ ತಿನ್ನುತ್ತಾ ಅಂದರೂ ಯಾರಿಗೂ ಬೆಣ್ಣೆ ನೆನಪಾಗುವುದಿಲ್ಲ, ಹೊಗಳಿಕೆ ಅನ್ನೋ ಅರ್ಥ ನೇರವಾಗಿ ಬಂದುಬಿಡುತ್ತದೆ. ಇನ್ನೊಂದು, ನುಡಿಗಟ್ಟಿನಲ್ಲಿ ಪದ ಬದಲಾಯಿಸೋಕೆ ಆಗಲ್ಲ. ಬೆಣ್ಣೆ ಬದಲು ತುಪ್ಪ ಹಚ್ಚಿ ನೋಡಿ! ತುಪ್ಪ ಆದರೆ ಮೂಗಿಗೇ ಸವರಬೇಕು, ಆಗ ಅರ್ಥವೇ ಬೇರೆ. ನಿಮ್ಮ ಚಿಮಣಿಯನ್ನು ಮಾತ್ರ ನೀವು ಹೇಗೆ ಬೇಕಾದರೂ ತಿದ್ದಬಹುದು.

ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಅದೂ ರೂಪಕವೇ. ಹತ್ತಿ ಗಿರಣಿಗಳು ಓಡುವಾಗ ಆ ಮಾತಿಗೆ ಜೀವ ಇತ್ತು. ಈಗ ಭಾಷಣದಲ್ಲಿ ಸ್ವಾಗತ ಕೋರುವಾಗ ಮಾತ್ರ ಬರುತ್ತದೆ.

ಆದರೆ "ನಾಲ್ಕು ಪ್ಲೇಟ್ ತಿಂದೆ" ಅನ್ನೋದು ರೂಪಕ ಅಲ್ಲ. ಪ್ಲೇಟಿಗೂ ದೋಸೆಗೂ ಹೋಲಿಕೆ ಎಲ್ಲಿದೆ? ಪ್ಲೇಟಿನ ಮೇಲೆ ದೋಸೆ ಇದೆ ಅಷ್ಟೇ. ಚಿತ್ರದುರ್ಗಕ್ಕೆ ಹೋಗುವಾಗ "ದುರ್ಗ ಒಂದು ಟಿಕೆಟ್ ಕೊಡಿ" ಅನ್ನೋದೂ ಹಾಗೇ, ದುರ್ಗ ಅಂದರೆ ಕೋಟೆ, ನಾವು ಇಳಿಯೋದು ಬಸ್ ಸ್ಟ್ಯಾಂಡಲ್ಲಿ 😄

ಕಲ್ಲಿನ ಕೋಟೆ (ಚಿತ್ರದುರ್ಗ):

ಮೇಲಿನವರು ತಮಾಷೆಗೆ ಹೇಳಿದ್ದು ದೊಡ್ಡ ವಿಷಯ. ಪದದ ನೇರ ಅರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಪಟ್ಟ ಬೇರೆ ಅರ್ಥ ಹಿಡಿಯುವುದನ್ನು ನಮ್ಮ ಅಲಂಕಾರಶಾಸ್ತ್ರದವರು ಲಕ್ಷಣೆ ಅನ್ನುತ್ತಾರೆ. ಅದರಲ್ಲಿ ಹೋಲಿಕೆಯಿಂದ ಬಂದದ್ದು ಗೌಣಿ, ಬೇರೆ ಸಂಬಂಧದಿಂದ ಬಂದದ್ದು ಶುದ್ಧ. ಪ್ಲೇಟು, ದುರ್ಗ ಎರಡೂ ಶುದ್ಧ. ರೂಪಕ ಹುಟ್ಟುವುದು ಗೌಣಿಯಿಂದ.

ಈಗ ಗೆಳತಿಯ ಮೆಟಫರ್ ವಿಷಯ. ನನಗನ್ನಿಸುವುದು, ಮೆಟಫರ್ ಅಂದರೆ ರೂಪಕ ಎಂದು ಕಣ್ಣು ಮುಚ್ಚಿ ಒಪ್ಪಿಕೊಂಡಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಗ್ರೀಕಿನಲ್ಲಿ ಆ ಪದಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಎಂದು ಅರ್ಥ. ಅರಿಸ್ಟಾಟಲ್ ಅದರಲ್ಲಿ ನಾಲ್ಕು ಬಗೆ ಹೇಳುತ್ತಾನೆ. ಒಂದು ದೊಡ್ಡ ವರ್ಗದ ಹೆಸರನ್ನು ಅದರೊಳಗಿನ ಒಂದು ಬಗೆಗೆ ಇಡುವುದೂ ಅವನಿಗೆ ಮೆಟಫರೇ. ನಮ್ಮ ರೂಪಕದ ಹತ್ತಿರ ಬರುವುದು ಅವನ ನಾಲ್ಕನೆಯದು ಮಾತ್ರ, ಹೋಲಿಕೆಯ ಮೇಲೆ ನಿಂತದ್ದು. ಇತ್ತ ನಮ್ಮವರು ಇನ್ನೂ ಬಿಗಿ. ರೂಪಕದಲ್ಲಿ ಎರಡೂ ಕಾಣಬೇಕು, ಅಪ್ಪನೂ ಇರಬೇಕು ಚಿಮಣಿಯೂ ಇರಬೇಕು. ಅಪ್ಪನ ಹೆಸರೇ ಎತ್ತದೆ "ನಮ್ಮ ನಡುಮನೆಯಲ್ಲಿ ಒಂದು ಚಿಮಣಿ ಕೂತಿದೆ" ಎಂದರೆ ಇಂಗ್ಲಿಷಿನವರಿಗೆ ಅದೂ ಮೆಟಫರ್, ನಮ್ಮವರಿಗೆ ಅದು ಅತಿಶಯೋಕ್ತಿಯ ಒಂದು ಬಗೆ, ರೂಪಕಾತಿಶಯೋಕ್ತಿ.

ಸಾಲದ್ದಕ್ಕೆ ರೂಪಕ ಅನ್ನುವ ಪದಕ್ಕೇ ಬೇರೆ ಕೆಲಸಗಳಿವೆ. ಸಂಸ್ಕೃತದಲ್ಲಿ ನಾಟಕವೂ ರೂಪಕ, ಆಕಾಶವಾಣಿಯಲ್ಲಿ ಬರುವುದೂ ರೂಪಕ, ಸಂಗೀತ ಕಲಿತವರಿಗೆ ಅದು ತಾಳ.

ಪ್ರತಿಮೆ, ಸಂಕೇತ ಬೇರೆ ಲೆಕ್ಕ. ಹೊಗೆ ಇಲ್ಲದ ಚಿಮಣಿ, ಅದರ ಮೇಲೆ ಕೂತ ಕಾಗೆ ಎಂದು ಬರೆದು ಬಿಟ್ಟರೆ ಕಣ್ಣಿಗೆ ಒಂದು ಚಿತ್ರ ಬರುತ್ತದೆ, ಅದು ಪ್ರತಿಮೆ. ಯಾವುದನ್ನೂ ಯಾವುದಕ್ಕೂ ಹೋಲಿಸಬೇಕಾಗಿಲ್ಲ. ಅದೇ ಚಿಮಣಿ ಕವಿತೆ ತುಂಬ ಮತ್ತೆ ಮತ್ತೆ ಬಂದು, ಚಿಮಣಿಯಾಗಿಯೇ ಉಳಿದು, ಜೊತೆಗೆ ಒಂದು ಊರಿನ ಕಥೆಯನ್ನೂ ಹೊತ್ತರೆ ಆಗ ಸಂಕೇತ. ಹಾಗಾಗಿ ಆ ಮೂವರಲ್ಲಿ ಇಬ್ಬರು ಪೂರ್ತಿ ತಪ್ಪಲ್ಲ, ಇಡೀ ಕವಿತೆ ನೋಡಿ ಹೇಳಿರಬಹುದು. ಉಪಮೆ ಎಂದ ಅಧ್ಯಕ್ಷರನ್ನು ಮಾತ್ರ ಕಾಪಾಡೋಕೆ ನನ್ನಿಂದ ಆಗಲ್ಲ.

ಹೊಳಲ್ಕೆರೆ ಮೇಷ್ಟ್ರು:

ಹಿರಿಯರನ್ನು ಬಿಟ್ಟುಬಿಡಿ ಸಾರ್. ಹಳೇ ತಲೆಮಾರಿನವರು ಎಲ್ಲ ಹೋಲಿಕೆಗೂ ಉಪಮೆ ಅಂದುಬಿಡುತ್ತಾರೆ. ಬಾಯಿಮಾತಿಗೆ ಅದು ನಡೆಯುತ್ತದೆ.

ಅಜ್ಜಿ ಮೊಮ್ಮಗ (ಚಳ್ಳಕೆರೆ):

ಅಕ್ಕಾ, ನಿಮ್ಮ ಸಾಲನ್ನು ನಮ್ಮಜ್ಜಿಗೆ ಓದಿ ಹೇಳಿದೆ. ಅಜ್ಜಿಗೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ. "ಹೊಗೆಯಾಡದ ಚಿಮಣಿ ಅಂದ್ರೆ ಒಳ್ಳೇ ದೀಪ ಅಲ್ವೇನೋ, ಅಪ್ಪನ್ನ ಎಷ್ಟು ಚಂದ ಹೊಗಳವಳೆ ಹುಡುಗಿ" ಎಂದರು. ಇದಕ್ಕೆ ಏನನ್ನುತ್ತೀರಿ? ಶ್ಲೇಷೆನಾ?

ಕಲ್ಲಿನ ಕೋಟೆ (ಚಿತ್ರದುರ್ಗ):

ಬೇಕು ಅಂತ ಎರಡು ಅರ್ಥ ಇಟ್ಟಿದ್ದರೆ ಶ್ಲೇಷೆ. ಇಲ್ಲಿ ಆಕಸ್ಮಿಕ. ಆದರೆ ಅಜ್ಜಿಯ ಓದು ಕೇಳಿದ ಮೇಲೆ ನನಗೆ ಆ ಸಾಲಿನಲ್ಲಿ ಗಿರಣಿ ಸರಿಯಾಗಿ ಕಾಣುತ್ತಿಲ್ಲ.

ಗಿರಣಿ ಓಣಿ (ದಾವಣಗೆರೆ):

ಎಲ್ಲರಿಗೂ ಥ್ಯಾಂಕ್ಸ್, ಅಜ್ಜಿಗೆ ಜಾಸ್ತಿ. ಈ ಚಿಮಣಿ ಗಲಾಟೆ ನೋಡಿ ಕೊನೆಗೆ ಅಪ್ಪನಿಗೇ ಸಾಲು ತೋರಿಸಿದೆ. ಇಲ್ಲಿಯವರೆಗೆ ತೋರಿಸಿರಲಿಲ್ಲ. ಎರಡು ಸಲ ಓದಿ, ಕನ್ನಡಕ ತೆಗೆದು, "ಚಿಮಣಿ ಯಾರು ನೋಡ್ತಿದ್ರು? ನಮಗೆ ಸೈರನ್ ಅಲ್ವಾ. ಅದು ಕೂಗಿದ್ರೆ ಎದ್ದೇಳೋದು, ಕೂಗಿದ್ರೆ ಊಟ" ಎಂದರು. ಅಷ್ಟೇ ಹೇಳಿ ಹೊರಗೆ ಹೋಗಿ ಕೂತರು.

"ಅಪ್ಪ ಕೂಗದ ಸೈರನ್" ಅಂತ ತಿದ್ದಿದ್ದೇನೆ.